ತೆಂಕಲ ಸಾಲು ತಲೆಕೆಳಗಾದದ್ದು

ಚಾಮರಾಜನಗರ ಜಿಲ್ಲೆಯಾದ ಮಾರನೇ ವರ್ಷ ಎಣ್ಣೆಗಾಣದ ಬೀದಿಯ ದಕ್ಷಿಣಕ್ಕಿರುವ ತೆಂಕಲ ಸಾಲಿನ ಮನೆಗಳೆಲ್ಲ ಒಂದೇ ವಾರದಲ್ಲಿ ತಲೆಕೆಳಗಾದವು. ಭೂಮಿ ನಡುಗಲಿಲ್ಲ. ಗಾಳಿ ಬೀಸಲಿಲ್ಲ. ತಾನಾಗಿ ಒಂದು ಹೆಂಚೂ ಅಲುಗಲಿಲ್ಲ. ಅಷ್ಟಾದರೂ ತಲೆಕೆಳಗಾದದ್ದು ನಿಜ. ಮಾಡಿದವನು ಅದೇ ಸಾಲಿನ ಮೃತ್ಯುಂಜಯ. ಮಾಡಿದ್ದು ಯಾರಿಗೂ ಕೆಡುಕು ಬಯಸದೆ, ನಡುಮನೆಯ ನೆಲದ ಮೇಲೆ ಬೋರಲು ಮಲಗಿಕೊಂಡು, ಪೆನ್ಸಿಲಿನಿಂದ.

ಮೃತ್ಯುಂಜಯ ಎಂಬ ಹೆಸರು ಕೇಳಿದವರಿಗೆ ಯಮನನ್ನೇ ಬಾಗಿಲಿಂದಾಚೆ ಅಟ್ಟಿದ ಗಂಡಾಳೊಬ್ಬ ಕಣ್ಣ ಮುಂದೆ ಬರಬಹುದು. ನಮ್ಮವನು ಹಾಗಲ್ಲ. ಬೀದಿನಾಯಿ ಎದುರಾದರೆ ದಾರಿ ಬಿಟ್ಟು ನಿಂತು, ಅದು ಹೋದ ಮೇಲೆ ತಾನು ಎಲ್ಲಿಗೆ ಹೊರಟಿದ್ದೆನೆಂಬುದನ್ನು ಮರೆತು, ಮನೆಗೆ ವಾಪಸು ಬರುವ ಆಸಾಮಿ. ಬೀದಿಯವರ ಬಾಯಲ್ಲಿ ಬರೀ ಜಯ. ಕೋರ್ಟಿನ ಎದುರು ಮನೆಕಟ್ಟುವ ಪ್ಲಾನು ಹಾಕಿಕೊಡುವ ಇಂಜಿನಿಯರೊಬ್ಬರ ಹತ್ತಿರ ಅವನಿಗೆ ಕೆಲಸ. ಅವರು ಪೆನ್ಸಿಲಿನಲ್ಲಿ ಹಾಕಿದ ಪ್ಲಾನನ್ನು ಇವನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಬೇಕು. ಆಮೇಲೆ ಮೂಗು ಮುಚ್ಚಿಕೊಂಡು ಅಮೋನಿಯಾ ಪೆಟ್ಟಿಗೆಯಲ್ಲಿಟ್ಟು ನೀಲಿ ಗೆರೆಯ ನಕಲು ತೆಗೆಯಬೇಕು. ಅಲ್ಲಿ ಮನೆಯೆಂದರೆ ಆಕಾಶದಿಂದ ಕಾಣುವ ಮನೆ. ಗೋಡೆಯೆಂದರೆ ಎರಡು ಗೆರೆ, ಬಾಗಿಲೆಂದರೆ ಕಾಲುಭಾಗ ಚಂದ್ರ. ಸೂರಿಲ್ಲ, ಮುಖವಿಲ್ಲ, ಜಗುಲಿಯ ಮೇಲೆ ಕೂತು ಎಲೆ ಹಾಕಿಕೊಳ್ಳುವ ಒಬ್ಬ ಮುದುಕನೂ ಇಲ್ಲ. ಹಗಲೆಲ್ಲ ಇಂಥ ಬೋಳು ಮನೆಗಳಲ್ಲಿ ಓಡಾಡಿ ಬಂದವನಿಗೆ ಸಂಜೆ ಅಜ್ಜಿಯ ಕತೆ ಬೇಕಾಗುತ್ತಿತ್ತು.

ತಂದೆತಾಯಿ ಇಲ್ಲದ ಮೊಮ್ಮಗನನ್ನು ಅಜ್ಜಿ ಚಿಕ್ಕಮಲ್ಲಮ್ಮ ಸಾಕಿದ್ದು ಅರ್ಧ ಮುದ್ದೆಯಲ್ಲಿ, ಅರ್ಧ ಕತೆಯಲ್ಲಿ. ಅವಳ ಕತೆಗಳೆಲ್ಲ ನಡೆಯುವುದು ಒಂದೇ ಊರಿನಲ್ಲಿ. ಏಳು ಸುತ್ತಿನ ಕೋಟೆ, ನಡುವೆ ಒಂಟಿಕಂಬದ ಅರಮನೆ, ಏಳು ಹೆಡೆಯ ಹಾವು ಕಾಯುವ ಕೊಳ, ಮೂಲೆಯಲ್ಲಿ ಕೂದಲು ಕೆದರಿಕೊಂಡ ರಾಕ್ಷಸಿ. ರಾಜಕುಮಾರ ರಾಜಬೀದಿಗೆ ಕುದುರೆ ಬಿಟ್ಟನೆಂದರೆ ಅಜ್ಜಿ ಎರಡು ಪಕ್ಕದ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. “ಬಲಗಡೆ ಮನೇಲಿ ಒಬ್ಬಳು ರಾಗಿ ಬೀಸ್ತಾವಳೆ. ಎಡಗಡೆ ಮನೇಲಿ ಗಂಡ ಎಂಡ್ತಿ ಜಗಳ. ಅದ್ರ ಪಕ್ಕದಲ್ಲಿ ಒಬ್ಬ ಸುಮ್ಕೆ ಕೂತವ್ನೆ,” ಎಂದು ಹೇಳುತ್ತ ಹೋದರೆ, ರಾಜಕುಮಾರ ಅರಮನೆ ಮುಟ್ಟುವಷ್ಟರಲ್ಲಿ ಮೊಮ್ಮಗನಿಗೆ ನಿದ್ದೆ ಬರುತ್ತಿತ್ತು. ಮೂವತ್ತು ಸಮೀಪಿಸಿದರೂ ಅವನು ಅರಮನೆಯ ಒಳಗೆ ಏನಾಯಿತೆಂದು ಸರಿಯಾಗಿ ಕೇಳಿದವನಲ್ಲ.

ಈ ಊರನ್ನೇ ಒಂದು ದೊಡ್ಡ ಹಾಳೆಯ ಮೇಲೆ ಬರೆಯಬೇಕೆಂದು ಅವನಿಗೆ ಅನ್ನಿಸಿತು. ಮೇಲಿನಿಂದ ಕಂಡಂತೆ ಬರೆದರೆ ಕೋಟೆ ಸರಿಯಾಯಿತು, ಬೀದಿ ಸರಿಯಾಯಿತು. ಆದರೆ ರಾಕ್ಷಸಿ ಬರೀ ಒಂದು ಬೈತಲೆಯಾದಳು. ಎದುರಿನಿಂದ ಕಂಡಂತೆ ಬರೆದರೆ ಮೊದಲ ಸುತ್ತಿನ ಗೋಡೆಯೇ ಊರನ್ನೆಲ್ಲ ಮುಚ್ಚಿಕೊಂಡಿತು. ಕೊನೆಗೆ ಬೀದಿಯನ್ನು ಹಕ್ಕಿಯ ಕಣ್ಣಿನಿಂದಲೂ ಮನೆಗಳನ್ನು ದಾರಿಹೋಕನ ಕಣ್ಣಿನಿಂದಲೂ ನೋಡುವುದೆಂದು ಗೊತ್ತುಮಾಡಿದ. ಹಾಳೆಯ ಈಚೆಗೆ, ದಕ್ಷಿಣದ ಕಡೆ ಮಲಗಿ ಉತ್ತರದ ಬಡಗಲ ಸಾಲನ್ನು ಬರೆದ. ತೆವಳಿಕೊಂಡು ಆಚೆಗೆ ಹೋಗಿ ತೆಂಕಲ ಸಾಲನ್ನು ಬರೆದ. ಎರಡು ಸಾಲಿನ ಬಾಗಿಲೂ ಬೀದಿಗೆ, ಎರಡು ಸಾಲಿನ ಸೂರೂ ಹೊರಕ್ಕೆ. ಹಲಸಿನ ಹಣ್ಣನ್ನು ಸೀಳಿ ಎರಡು ಪಕ್ಕಕ್ಕೆ ಬಿಡಿಸಿಟ್ಟ ಹಾಗೆ.

ಊರು ಕತೆಯದಾದರೂ ಮನೆಗಳನ್ನು ಹೊಸದಾಗಿ ಹುಟ್ಟಿಸುವಷ್ಟು ಅವನ ತಲೆ ಓಡಲಿಲ್ಲ. ಕಣ್ಣಮುಂದಿದ್ದ ಎಣ್ಣೆಗಾಣದ ಬೀದಿಯನ್ನೇ ರಾಜಬೀದಿಗೆ ತಂದು ಕೂರಿಸಿದ. ಬಡಗಲ ಸಾಲಿನಲ್ಲಿ ರೇಷ್ಮೆಗೂಡಿನ ವ್ಯಾಪಾರಿ ದೊಡ್ಡಮಲ್ಲಪ್ಪನವರ ಮನೆ, ಅದರ ನೆತ್ತಿಯ ಮೇಲೆ ನಾಯಿಯಂತೆ ಕಾಣುವ ಎರಡು ಸಿಮೆಂಟಿನ ಸಿಂಹಗಳು. ತೆಂಕಲ ಸಾಲಿನಲ್ಲಿ ಹೆಂಚಿನ ಮೇಲೆ ಕುಂಬಳಬಳ್ಳಿ ಹಬ್ಬಿಸಿದ ಸಣ್ಣಮ್ಮನ ಮನೆ. ಅದರ ಪಕ್ಕ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬೆಂಚಿನ ಸಮೇತ, ತನ್ನದೇ ಮನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯಿರುತ್ತಿರಲಿಲ್ಲ. ಕಚೇರಿಯ ಅಭ್ಯಾಸಬಲ, ಕೆಳಗಿನ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿದ. ಗುಂಡಗೆ ಒಂದು ಮೊಹರು ಬರೆದು ಒಳಗೆ ಗಿಳಿ ಕೂರಿಸಿದ. ‘ಪರಿಶೀಲಿಸಿದವರು’ ಎಂದು ಬರೆದು, ಊರನ್ನು ಬಲ್ಲವಳು ಅವಳೊಬ್ಬಳೇ ಆದ್ದರಿಂದ, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದ. ಇಂಜಿನಿಯರು ಗುಂಡ್ಲುಪೇಟೆಗೆ ಹೋದ ದಿನ ನೋಡಿ ಅಮೋನಿಯಾ ಪೆಟ್ಟಿಗೆಯಲ್ಲಿ ಅದರದೊಂದು ನೀಲಿ ನಕಲನ್ನೂ ತೆಗೆದುಬಿಟ್ಟ. ನಮ್ಮ ಕಡೆ ನೀಲಿ ಗೆರೆಯಿದ್ದು ಮೂಗಿಗೆ ಖಾರ ಹೊಡೆಯುವ ಹಾಳೆಯೆಂದರೆ ಅದು ಸರ್ಕಾರದ್ದೇ. ಬೇರೆ ಯಾರಿಗೆ ಅಂಥ ವಾಸನೆ ತಾನೆ ಇದ್ದೀತು?

ಇದೇ ಹೊತ್ತಿಗೆ ಅವನ ಮದುವೆಯ ಮಾತು ನಡೆದಿತ್ತು.

ಹುಡುಗಿ ಬೇಗೂರಿನ ಅರಿಸಿನ ವ್ಯಾಪಾರಿ ಗುರುಮಲ್ಲಯ್ಯನವರ ಮಗಳು ಮಧುಶ್ರೀ. ಅವಳನ್ನು ನೋಡಲು ಹೋದ ದಿನ ಮೃತ್ಯುಂಜಯ ನೋಡಿದ್ದು ಮೊದಲು ರಂಗೋಲಿಯನ್ನು. ಬಾಗಿಲ ಮುಂದೆ ದೊಡ್ಡದಾಗಿ ಹಾಕಿದ್ದಳು. ನಾಲ್ಕು ಕಡೆಗೂ ನಾಲ್ಕು ಗಿಳಿ, ಎಲ್ಲವುಗಳ ಕಾಲೂ ನಡುವಿನ ತಾವರೆಯ ಮೇಲೆ. ತುಳಿಯಬಾರದೆಂದು ಸುತ್ತಿಕೊಂಡು ಹೊರಟವನು, ಒಂದೊಂದು ಗಿಳಿಯ ಮುಂದೂ ನಿಂತು ನೋಡುತ್ತ ಅಲ್ಲೇ ಸುತ್ತತೊಡಗಿದ. ಒಳಗೆ ತಟ್ಟೆಯಲ್ಲಿ ಉಪ್ಪಿಟ್ಟು ಆರುತ್ತಿತ್ತು. ಹಿರಿಯರು ಮುಖ ಮುಖ ನೋಡಿಕೊಂಡರು. ಆಗ ಕಿಟಕಿಯ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನಲ್ಲಿ ಗೇಲಿಯಿರಲಿಲ್ಲ. ತನ್ನ ಕೆಲಸವನ್ನು ಒಬ್ಬ ಪೂರ್ತಿಯಾಗಿ ನೋಡಿದನಲ್ಲ ಎಂಬ ಸಮಾಧಾನವಿತ್ತು. ಹಾಗೆಂದು ಮೃತ್ಯುಂಜಯನ ನಂಬಿಕೆ. ಅಂದಿನಿಂದ ಅವನಿಗೆ ಇದೇ ಸಂಬಂಧ ಆಗಬೇಕು. ಆಗದಿದ್ದರೆ ಜೀವನಪೂರ್ತಿ ಸೂರಿಲ್ಲದ ಮನೆಗಳನ್ನೇ ಬರೆದುಕೊಂಡಿರುವುದಷ್ಟೆ ಎಂದು ಅಜ್ಜಿಯ ಮುಂದೆ ಹೇಳಿಯೂ ಬಿಟ್ಟಿದ್ದ.

ಹುಡುಗಿ ಕಡೆಯವರು ಇನ್ನು ಗಂಡಿನ ಮನೆ ನೋಡಬೇಕು. ಮನೆ ನೋಡುವ ಶಾಸ್ತ್ರವೆಂದರೆ ಅಷ್ಟಿಷ್ಟಲ್ಲ. ಗೋಡೆ ತಟ್ಟುತ್ತಾರೆ, ಅಟ್ಟ ಇಣುಕುತ್ತಾರೆ, ನೀರೊಲೆಯ ಹೊಗೆ ಎತ್ತ ಹೋಗುತ್ತದೆಂದು ಕೇಳುತ್ತಾರೆ. ಭಾನುವಾರ ಬರುತ್ತೇವೆಂದು ಬೇಗೂರಿನಿಂದ ಹೇಳಿಕಳಿಸಿದರು. ಪಡಸಾಲೆಯ ಗೋಡೆಯ ಮೇಲೆ ಹಳೆ ಮಳೆಯ ಒಂದು ಕಲೆ ಎಮ್ಮೆಯ ಆಕಾರದಲ್ಲಿ ನಿಂತಿತ್ತು. ಸುಣ್ಣ ಬಳಿದರೆ ಎಮ್ಮೆ ಇನ್ನೂ ಚೆನ್ನಾಗಿ ಕಾಣಿಸಿತು. ಕ್ಯಾಲೆಂಡರು ಹಾಕಿದರೆ ಕೊಂಬು ಮತ್ತು ಬಾಲ ಹೊರಗುಳಿದವು. ಸರಿ, ಮೃತ್ಯುಂಜಯ ತನ್ನ ನೀಲಿ ನಕ್ಷೆಯನ್ನು ಅಂಟಿಸಿದ. ಕಚೇರಿಯಲ್ಲಿ ಕಲಿತಂತೆ ಉತ್ತರ ಮೇಲೆ, ದಕ್ಷಿಣ ಕೆಳಗೆ. ಎಮ್ಮೆ ಪೂರ್ತಿ ಮುಳುಗಿತು.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯ ಸಣ್ಣಮ್ಮ ಹಾಲಿಗೆ ಹೆಪ್ಪು ಹಾಕಲು ಒಂದು ಲೋಟ ಹಿಡಿದು ಮಜ್ಜಿಗೆಗೆ ಬಂದಳು. ಗೋಡೆ ನೋಡಿ ನಿಂತಳು.

“ಇದು ಯಾನ ಜಯ?”

“ನಕ್ಷೆ ಸಣ್ಣಮ್ಮಕ್ಕ. ನಮ್ಮ ಆಪೀಸಲ್ಲಿ ತೆಗ್ದಿದ್ದು,” ಎಂದ ಮೃತ್ಯುಂಜಯ. ‘ಆಪೀಸು’ ಎನ್ನುವಾಗ ಕುತ್ತಿಗೆ ಸ್ವಲ್ಪ ಉದ್ದವಾಯಿತು.

“ಇದು ನಮ್ಮ ಕುಂಬಳಬಳ್ಳಿ ಅಲ್ವ? ನಮ್ಮನೆ ಅಲ್ವ ಇದು?”

“ಊಂ ಕಣಕ್ಕ. ನಿಮ್ಮದೇಯ.”

“ತಲೆಕೆಳಗಾಗಿ ಅದೆಯಲ್ಲಪ್ಪ?”

“ತೆಂಕಲ ಸಾಲು ಅಲ್ವ, ಅದ್ಕೆ.”

“ತೆಂಕಲ ಸಾಲೆಲ್ಲ ಇಂಗೇನಾ?”

“ಎಲ್ಲನೂವೆ. ನಮ್ಮದೂ ಅಂಗೇ ಅದೆ ನೋಡಿ.”

“ದೊಡ್ಡಮಲ್ಲಪ್ಪನೋರದು?”

“ಅವ್ರದು ಬಡಗಲ ಸಾಲು. ನೆಟ್ಟಗೆ ನಿಂತದೆ.”

ಈ ಮಾತುಕತೆಯಲ್ಲಿ ಒಂದು ಸುಳ್ಳೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಸಣ್ಣಮ್ಮ ಲೋಟವನ್ನು ಅಲ್ಲೇ ಬಿಟ್ಟು ಹೋದಳು. ಅವಳ ಮನೆಯಲ್ಲಿ ಅಂದು ಹಾಲು ಹೆಪ್ಪಾಗಲಿಲ್ಲ. ಬೀದಿಯಲ್ಲಿ ಸುದ್ದಿ ಮಾತ್ರ ಗಟ್ಟಿಯಾಗಿ ಹೆಪ್ಪುಗಟ್ಟಿತು. ಜಿಲ್ಲೆ ಆಯ್ತಲ್ಲ, ರಸ್ತೆ ಅಗಲ ಮಾಡ್ತಾರೆ. ತೆಂಕಲ ಸಾಲು ಪೂರ್ತಿ ಕೆಡವ್ತಾರೆ. ಕೆಡವೋ ಮನೇನೆಲ್ಲ ಆಪೀಸಲ್ಲಿ ಉಲ್ಟಾ ಬರ್ದವ್ರೆ.

ಸಂಜೆ ಬೀದಿಗೆ ಬೀದಿಯೇ ಚಪ್ಪಲಿ ಬಿಟ್ಟು ಪಡಸಾಲೆಗೆ ಬಂತು. ಮುಂದೆ ದೊಡ್ಡಮಲ್ಲಪ್ಪನವರು. ಅವರು ಕನ್ನಡಕ ಏರಿಸಿದರೆಂದರೆ ಬೀದಿಯಲ್ಲಿ ಓದು ಬಂದವರೂ ಸುಮ್ಮನಾಗುತ್ತಿದ್ದರು.

“ದೊಡ್ಡಮಲ್ಲಣ್ಣ, ಈ ಏಳು ಸುತ್ತು ಯಾನ?” ಎಂದಳು ಸಣ್ಣಮ್ಮ.

“ರಿಂಗ್ ರೋಡು ಕಣಮ್ಮ. ದೊಡ್ಡ ಊರ್ಗೆ ಒಂದು ಮಾಡ್ತಾರೆ. ನಮ್ಗೆ ಏಳು ಕೊಟ್ಟವ್ರೆ. ಸುಮ್ನೆ ಜಿಲ್ಲೆ ಆಯ್ತದಾ?”

“ಈ ಒಂಟಿಕಂಬ?”

“ಡಿಸಿ ಆಪೀಸು. ಇನ್ನೂ ಪಿಲ್ಲರ್ ಮಟ್ಟಕ್ಕೆ ಬಂದದೆ.”

“ಮತ್ತೆ ಈ ಆವು? ಏಳು ಎಡೆ ಅದೆ!”

“ಆವಲ್ಲ ಅದು. ಒಳಚರಂಡಿ. ಏಳು ಕವಲು.”

“ಬಾಯಿ ಬುಟ್ಕಂಡದೆ?”

“ಚರಂಡಿ ಬಾಯಿ ಬುಡ್ದೆ, ತಾಂಬೂಲ ಆಕ್ಕಂಡು ಮುಚ್ಕಂಡಿರ್ತದಾ?”

“ಈ ಮೂಲೇಲಿ ಕೂದ್ಲು ಕೆದರ್ಕಂಡು ಒಬ್ಬಳು ನಿಂತವಳಲ್ಲ...”

ದೊಡ್ಡಮಲ್ಲಪ್ಪನವರು ಒಂದು ಗಳಿಗೆ ಕನ್ನಡಕ ತೆಗೆದು ಒರೆಸಿಕೊಂಡರು. “ಲೇಡೀಸ್ ಹಾಸ್ಟಲ್ಲು,” ಎಂದರು.

ಮೃತ್ಯುಂಜಯ ಅಡ್ಡ ಬಂದ. “ಅಯ್ಯೋ, ಅಲ್ಲ ಕಣಣ್ಣ. ಇದು ಇಲ್ದೇ ಇರೋ ಊರು!”

“ಇರೋ ಊರ್ನ ಇಲ್ದಂಗೆ ಮಾಡಕ್ಕೇ ಅಲ್ವೇನಯ್ಯ ನಕ್ಷೆ ಬರಿಯದು?”

“ನಮ್ಮಜ್ಜಿ ಕತೆ ಇದು!”

“ಆಪೀಸ್ನೋರೆಲ್ಲ ಅಂಗೇ ಅನ್ನದು. ಓಗಿ ಕೇಳಿದೋರ್ಗೆಲ್ಲ ಕತೆ ಏಳಿ ಕಳಿಸ್ತಾರೆ.”

ಅಷ್ಟರಲ್ಲಿ ಯಾರದೋ ಕಣ್ಣು ಕೆಳಗಿನ ಮೂಲೆಗೆ ಬಿತ್ತು. “ಎಬ್ಬೆಟ್ಟು! ಯಾರೋ ಎಬ್ಬೆಟ್ಟು ಒತ್ತವ್ರೆ! ನಮ್ಮ ಬೀದೀಲೇ ಯಾರೋ ಒಪ್ಕಂಡುಬುಟ್ಟವ್ರೆ!”

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಚಿಕ್ಕಮಲ್ಲಮ್ಮ ತಲೆಯೆತ್ತಿ, “ನಾನೇ ಕಣ್ರವ್ವ ಒತ್ತಿದ್ದು,” ಎಂದಳು. “ಎಲ್ಲ ಸರಿಯಾಗದೆ ಅಂತ ಒತ್ತಿವ್ನಿ. ಅಳೇ ಕಾಲದಿಂದ ನೋಡಿರೋ ಊರಲ್ವ.”

ಸಣ್ಣಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ಆ ಗಳಿಗೆಯಿಂದ ತೆಂಕಲ ಸಾಲಿನವರು ಚಿಕ್ಕಮಲ್ಲಮ್ಮನ ಜೊತೆ ಮಾತು ಬಿಟ್ಟರು. ಬಡಗಲ ಸಾಲಿನವರು ಮಾತ್ರ ತುಂಬ ಮರುಕದಿಂದ ಮಾತಾಡತೊಡಗಿದರು. ದೊಡ್ಡಮಲ್ಲಪ್ಪನವರಂತೂ ತಮ್ಮ ಜಗುಲಿಯ ಮೇಲೆ ನಿಂತು, ಎದುರಿನ ಸಾಲು ಹೋದ ಮೇಲೆ ಬೀಳುವ ಬೆಳಕನ್ನು ಈಗಲೇ ಮೈಗೆ ಹತ್ತಿಸಿಕೊಳ್ಳುವವರಂತೆ ಕಣ್ಣು ಕಿರಿದು ಮಾಡಿಕೊಂಡು ತೆಂಕಲಿಗೆ ನೋಡುತ್ತಿದ್ದರು.

ಗುರುವಾರ ಒಂದು ಗುಂಪು ಪುರಸಭೆಯ ಕಚೇರಿಗೆ ಹೋಯಿತು. ಅಲ್ಲಿ ಗುಮಾಸ್ತ ರಂಗರಾಜು. ಹದಿನೈದು ವರ್ಷದ ಸರ್ವೀಸಿನಲ್ಲಿ ‘ಇಲ್ಲ’ ಎಂಬ ಮಾತಾಡಿ ಸಿಕ್ಕಿಹಾಕಿಕೊಂಡವನಲ್ಲ.

“ಎಣ್ಣೆಗಾಣದ ಬೀದಿ ಕೆಡವ್ತೀರಂತೆ, ನಿಜವಾ?”

ರಂಗರಾಜುಗೆ ಅಂಥದ್ದೊಂದು ಸುದ್ದಿಯೇ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಮರ್ಯಾದೆಯಿಲ್ಲ. “ನಕ್ಷೆ ಇನ್ನೂ ನಮ್ಮ ಟೇಬಲ್ಲಿಗೆ ಬಂದಿಲ್ಲ,” ಎಂದ.

“ಎಲ್ಲದೆ?”

“ಮೇಲಿರ್ತದೆ.”

ಗುಂಪು ವಾಪಸು ಬಂತು. ನಕ್ಷೆ ಮೇಲಿದೆ, ಕೆಳಕ್ಕೆ ಬರುವುದೊಂದೇ ಬಾಕಿ.

ಮೃತ್ಯುಂಜಯ ಹೆದರಿ ಶುಕ್ರವಾರ ನಕ್ಷೆಯನ್ನು ಗೋಡೆಯಿಂದ ಕಿತ್ತ. ಅದು ಇನ್ನೂ ಕೆಟ್ಟಿತು. “ಬಚ್ಚಿಡ್ತಾವ್ನೆ!” ಎಂದು ಬೀದಿಯಲ್ಲಿ ಗುಲ್ಲೆದ್ದಿತು, ಅಲ್ಲದೆ ಎಮ್ಮೆ ಮತ್ತೆ ಹೊರಬಂತು. ತಿರುಗಿ ಅಂಟಿಸಿದ. ಶನಿವಾರ ಸಣ್ಣಮ್ಮ ಒಂದು ತೀರ್ಮಾನಕ್ಕೆ ಬಂದಳು. ಸರ್ಕಾರದವರು ಬಂದು ಯಂತ್ರ ಬಿಟ್ಟರೆ ಒಂದು ಹೆಂಚೂ ಉಳಿಯುವುದಿಲ್ಲ. ತಾನೇ ಇಳಿಸಿಟ್ಟುಕೊಂಡರೆ ಉಮ್ಮತ್ತೂರಿನ ತಮ್ಮನ ಹೊಲದ ಮನೆಗಾದರೂ ಆಗುತ್ತದೆ. ಏಣಿ ಹಾಕಿದಳು. ಅವಳನ್ನು ನೋಡಿ ಆಚೆ ಮನೆಯವರು ಹಾಕಿದರು. ಸಂಜೆಯ ಹೊತ್ತಿಗೆ ತೆಂಕಲ ಸಾಲಿನಲ್ಲಿ ಕಾಗೆಗಳಿಗೆ ಕೂರಲು ಜಾಗವಿರಲಿಲ್ಲ.

ಭಾನುವಾರ ಬಂತು. ಗುರುಮಲ್ಲಯ್ಯನವರೂ ಅವರ ಅಕ್ಕ ಮಂಗಳಗೌರಮ್ಮನೂ ಬೇಗೂರಿನಿಂದ ಹೊರಟು ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಅಲ್ಲಿ ಕೇರಳದ ಲಾರಿಯವರು ಚಾ ಕುಡಿಯುವ ಹೋಟೆಲಿನಲ್ಲಿ ಕೂತಿದ್ದಾಗ ಪಕ್ಕದ ಬೆಂಚಿನವನು, ಚಾಮರಾಜನಗರದಲ್ಲಿ ಅರ್ಧ ಊರು ಕೆಡವುತ್ತಿದ್ದಾರೆಂದು ಹೇಳಿದ. “ಯಾವ ಅರ್ಧ?” ಎಂದರು ಮಂಗಳಗೌರಮ್ಮ. “ತೆಂಕಲರ್ಧ,” ಎಂದ ಅವನು.

ಎಣ್ಣೆಗಾಣದ ಬೀದಿಗೆ ಬಂದು ನೋಡಿದರೆ ಸಂಶಯಕ್ಕೆ ಎಡೆಯೇ ಇರಲಿಲ್ಲ. ಬಡಗಲ ಸಾಲು ಸುಣ್ಣ ಬಳಿದುಕೊಂಡು ನಿಂತಿತ್ತು. ತೆಂಕಲ ಸಾಲಿನ ಮುಂದೆ ಹೆಂಚಿನ ರಾಶಿ. ಸಣ್ಣಮ್ಮ ಸೂರಿನ ಬರಿಯ ಗಳಗಳ ನಡುವಿನಿಂದ ತಲೆ ಹೊರಗೆ ಹಾಕಿ, ಕೈಯಲ್ಲಿ ಕುಂಬಳಕಾಯಿ ಹಿಡಿದುಕೊಂಡೇ, “ಬನ್ನಿ ಬನ್ನಿ, ಜಯನ ಮನೆಗಾ? ಬಿರಬಿರನೆ ನೋಡ್ಕಂಡ್ಬುಡಿ. ಆಮೇಲೆ ಇರ್ತದೋ ಇಲ್ವೋ,” ಎಂದು ಸ್ವಾಗತಿಸಿದಳು.

ಒಳಗೆ ಕೇಸರಿಬಾತು ಬಂತು. ಮಂಗಳಗೌರಮ್ಮ ಮುಟ್ಟಲಿಲ್ಲ. ಗೋಡೆ ತಟ್ಟಲಿಲ್ಲ, ಅಟ್ಟ ಇಣುಕಲಿಲ್ಲ. ಹೋಗಲಿರುವ ಮನೆಯ ಅಟ್ಟ ನೋಡಿ ಮಾಡುವುದೇನು? ನೇರವಾಗಿ ನಕ್ಷೆಯ ಮುಂದೆ ನಿಂತು ಇಟ್ಟಿಗೆ ಕೊಟ್ಟ ಬೆಂಚನ್ನು ಗುರುತು ಹಿಡಿದರು.

“ಗುರುಮಲ್ಲ, ಇದೇ ಮನೆ ಕಣ. ಕಾಲು ಮೇಲೆ ಮಾಡ್ಕಂಡು ಬಿದ್ದದೆ.”

ಗುರುಮಲ್ಲಯ್ಯನವರು ಮಾತು ಕಡಿಮೆಯ ಮನುಷ್ಯ. ಮೂಟೆಗೆ ಕೈ ಹಾಕಿ ಅರಿಸಿನದ ಕೊಂಬು ಮುರಿದು ನೋಡುವವರ ಹಾಗೆ ಭಾವೀ ಅಳಿಯನನ್ನು ನೋಡಿದರು. “ಯಾನಪ್ಪ ಇದು? ಬೀಳೋ ಮನೆಗೆ ಎಣ್ಣು ಕೇಳಿದ್ಯಾ?”

“ಬೀಳಲ್ಲ ಮಾವ... ಅಂದ್ರೆ, ಬಿದ್ದಂಗೆ ಕಾಣ್ತದೆ, ಆದ್ರೆ ನಿಂತದೆ... ನಾನು ಆ ಕಡೆಯಿಂದ ಮಲಗಿದ್ದೆ...”

“ಎಲ್ಲಿ ಮಲಗಿದ್ದೆ?”

“ಉತ್ತರದಲ್ಲಿ.”

ಬಾಗಿಲಲ್ಲಿ ಜಮಾಯಿಸಿದ್ದ ಬೀದಿ ನಿಟ್ಟುಸಿರು ಬಿಟ್ಟಿತು. ಮಂಗಳಗೌರಮ್ಮ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು. “ಮೂರು ಗಂಟೆ ಬಸ್ಸಿಗೆ ಓಗನ ನಡಿ.”

ಆಗ ಮೃತ್ಯುಂಜಯನಿಗೆ ಕಂಡದ್ದು ಬಾಗಿಲಲ್ಲ, ಜನವಲ್ಲ, ಬೇಗೂರಿನ ಅಂಗಳ. ಕಿಟಕಿಯ ಹಿಂದಿನ ನಗು. ಅವನು ನಕ್ಷೆಯನ್ನು ಗೋಡೆಯಿಂದ ಕಿತ್ತು, ಎಮ್ಮೆಯನ್ನು ಎಲ್ಲರ ಮುಂದೆ ಬೆತ್ತಲೆ ಮಾಡಿ, ಜನರನ್ನು ಸರಿಸಿಕೊಂಡು ಬೀದಿಗೆ ಬಂದ. ನಟ್ಟನಡುವೆ ಹಾಳೆಯನ್ನು ಹಾಸಿದ. ನಾಲ್ಕು ಮೂಲೆಗೆ ಸಣ್ಣಮ್ಮನ ನಾಲ್ಕು ಹೆಂಚು ಇಟ್ಟ. ಬಾಣದ ಗುರುತು ನೋಡಿ ಉತ್ತರವನ್ನು ಉತ್ತರಕ್ಕೆ ಕೂರಿಸಿದ.

“ಮಾವ,” ಎಂದ. “ನಿಮ್ಮ ಮನೆ ಮುಂದೆ ರಂಗೋಲಿ ಹಾಕಿದ್ರಲ್ಲ, ನಾಲ್ಕು ಗಿಳಿ. ಬಾಗಿಲಲ್ಲಿ ನಿಂತು ನೋಡಿದ್ರೆ ಆಚೆ ಗಿಳಿ ನೆಟ್ಟಗೆ ಕಾಣ್ತದೆ. ಈಚೆ ಗಿಳಿ?”

ಗುರುಮಲ್ಲಯ್ಯನವರು ಯೋಚಿಸಿದರು. “ತಲೆ ಕೆಳಗೆ.”

“ಅಂಗಂತ ಸತ್ತೋಗದಾ ಅದು?”

ಗುರುಮಲ್ಲಯ್ಯನವರು ಹಾಳೆಗೆ ಒಂದು ಹೆಜ್ಜೆ ಹತ್ತಿರ ಬಂದರು.

“ಬೀದಿ ಕಡೆಯಿಂದ ಬರೋರ್ಗೆ ಅದೇ ನೆಟ್ಟಗಿರ್ತದೆ. ಯಾರು ಎಲ್ಲಿಂದ ಬಂದ್ರೂ ಅವ್ರ ಎದುರಿಗೆ ಒಂದು ಗಿಳಿ ನಿಂತಿರ್ಲಿ ಅಂತ ಅಂಗೆ ಹಾಕಿರದು. ನಾನೂ ಮನೆಗಳ್ನ ಅಂಗೇ ಹಾಕ್ದೆ. ಅಜ್ಜಿ ಕತೇಲಿ ಎರಡು ಕಡೆ ಬಾಗ್ಲೂ ತೆಗ್ದಿರ್ತವೆ. ಒಂದೇ ಕಡೆ ನಿಂತು ಬರುದ್ರೆ ಇನ್ನೊಂದು ಸಾಲಿನೋರ ಬೆನ್ನು ಮಾತ್ರ ಕಾಣ್ತದೆ.” ಹುಟ್ಟಿದಾಗಿನಿಂದ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ, ಮುಗಿಸಿದ ಮೇಲೆ ತಾನೇ ಸುತ್ತಮುತ್ತ ನೋಡಿದ, ಯಾರು ಮಾತಾಡಿದ್ದೆಂದು.

ಜಗುಲಿಯಿಂದ ಅಜ್ಜಿ ಕೂಗಿದಳು. “ಬೆಪ್ಪುಗಳಂಗೆ ನಿಂತ್ಕಂಡಿದ್ರೆ ಯಾನ್ ಕಂಡಾತು? ನಿಮ್ಮ ನಿಮ್ಮ ಮನೆ ಕಡೆ ಮೊಕ ಮಾಡಿ ನಿಂತ್ಕಂಡು ನೋಡ್ರಿ.”

ಸಣ್ಣಮ್ಮ ಮೊದಲು ಹೊರಟಳು. ತನ್ನ ಮನೆಗೆ ಮುಖ ಮಾಡಬೇಕಾದರೆ ಹಾಳೆಯ ಬಡಗಲಿಗೆ, ದೊಡ್ಡಮಲ್ಲಪ್ಪನವರ ಜಗುಲಿಯ ಬುಡಕ್ಕೆ ಹೋಗಿ ನಿಲ್ಲಬೇಕು. ನಿಂತಳು. ಬಗ್ಗಿದಳು. “ಅವ್ವಯ್ಯ! ನೆಟ್ಟಗದೆ! ಕುಂಬಳಕಾಯಿ ಸೈತ ನೆಟ್ಟಗದೆ!” ತೆಂಕಲ ಸಾಲೆಲ್ಲ ಬಡಗಲಿಗೆ ನುಗ್ಗಿತು. ಒಬ್ಬೊಬ್ಬರ ಮನೆಯೂ ಎದ್ದು ಕೂತಿತು. ಸಣ್ಣಮ್ಮ ಹಾಳೆಯಿಂದ ತಲೆಯೆತ್ತಿ ಎದುರಿಗೆ ತನ್ನ ನಿಜವಾದ ಮನೆಯನ್ನು ನೋಡಿದಳು. ನಕ್ಷೆಯಲ್ಲಿ ಹೆಂಚಿತ್ತು, ಅಲ್ಲಿರಲಿಲ್ಲ. “ಅಯ್ಯೋ ನನ್ನ ಸೂರೇ,” ಎಂದಳು, ತಣ್ಣಗೆ.

ಅಷ್ಟರಲ್ಲಿ ಅದೇ ಜಗುಲಿಯ ಮೇಲಿನಿಂದ ಬಗ್ಗಿ ನೋಡಿದ ದೊಡ್ಡಮಲ್ಲಪ್ಪನವರು ಕಿರುಚಿದರು. “ನಂದು ಉಲ್ಟಾ ಆಗೋಯ್ತು! ಸಿಂಹ ಎಲ್ಡೂ ನೇತಾಡ್ತಾವೆ! ಯಾವನ್ಲಾ ತಿರುಗಿಸ್ದೋನು?”

“ಇಳ್ದು ಈ ಕಡೆ ಬಾ ದೊಡ್ಡಮಲ್ಲ,” ಎಂದಳು ಅಜ್ಜಿ. “ಸಣ್ಣಮ್ಮನ ಬಾಗ್ಲಲ್ಲಿ ನಿಂತ್ಕಂಡು ನೋಡು. ಅಲ್ಲಿಂದ ಚೆಂದಾಗಿ ಕಾಣ್ತದೆ ನಿನ್ನ ಮನೆ. ಅವಳು ದಿನಾ ನೋಡ್ತಾವಳೆ.”

ದೊಡ್ಡಮಲ್ಲಪ್ಪನವರು ಹೆಂಚಿನ ರಾಶಿ ದಾಟಿ ಸಣ್ಣಮ್ಮನ ಬಾಗಿಲಿಗೆ ಹೋಗಿ ನಿಂತರು. ಎದುರು ಮನೆಯಲ್ಲೇ ಇದ್ದರೂ ಅಲ್ಲಿ ಅವರು ಯಾವತ್ತೂ ನಿಂತವರಲ್ಲ. ಹಾಳೆಯನ್ನು ನೋಡಿದರು, ಎದುರಿಗಿದ್ದ ತಮ್ಮ ಮನೆಯನ್ನು ನೋಡಿದರು. ಬಹಳ ಹೊತ್ತು ನೋಡಿ ತುಸು ಕುಗ್ಗಿದ ದನಿಯಲ್ಲಿ ಕೇಳಿದರು. “ಸಣ್ಣಮ್ಮ, ಆ ಸಿಂಹಗಳು ಇಲ್ಲಿಂದ ನಾಯಂಗೆ ಕಾಣ್ತಾವಲ್ವ?”

“ಮೊದ್ಲಿಂದನೂ ಅಂಗೇ ಕಾಣ್ತಾವೆ ಬುಡಣ್ಣ,” ಎಂದಳು ಸಣ್ಣಮ್ಮ ಸಮಾಧಾನವಾಗಿ. “ಏಳಿದ್ರೆ ಬೇಜಾರ್ ಮಾಡ್ಕತೀರ ಅಂತ ಸುಮ್ಕಿದ್ದೋ.”

ಗುರುಮಲ್ಲಯ್ಯನವರು ಈ ಗಲಾಟೆಯ ನಡುವೆ ಹಾಳೆಯನ್ನು ಸುತ್ತಿಕೊಂಡು ಬರುತ್ತಿದ್ದರು. ಒಮ್ಮೆ ಈಚೆ, ಒಮ್ಮೆ ಆಚೆ. ರಾಕ್ಷಸಿಯ ಮುಂದೆ ನಿಂತರು. ಹಾವಿನ ಮುಂದೆ ನಿಂತರು. ಸುತ್ತು ಮುಗಿದ ಮೇಲೂ ಇನ್ನೊಂದು ಸುತ್ತು ಹಾಕಿದರು. ಒಳಗೆ ಕೇಸರಿಬಾತು ಆರುತ್ತಿತ್ತು.

“ಅಕ್ಕ, ಮನೆ ಏನೋ ಸರಿಯಾಗದೆ,” ಎಂದರು ಕೊನೆಗೆ. “ಉಡುಗನ ತಲೆ ಯಾವ ಕಡೆಗದೆ ಅನ್ನದು ಗೊತ್ತಾಗ್ತಿಲ್ಲ. ಇದ್ನ ತಕ್ಕಂಡು ಓಗಿ ಕೂಸಿಗೇ ತೋರಿಸ್ತೀನಿ. ಕಟ್ಕಂಡು ಬಾಳೋಳು ಅವಳು, ಅವಳೇ ನೋಡ್ಲಿ.” ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಮಂಗಳಗೌರಮ್ಮ ಒಳಗೆ ಹೋಗಿ, ಎಮ್ಮೆಯನ್ನು ಒಮ್ಮೆ ದುರುಗುಟ್ಟಿ ನೋಡಿ, ಗೋಡೆಯನ್ನು ಎರಡು ಸಲ ತಟ್ಟಿ, ಕೇಸರಿಬಾತು ತಿಂದರು. ಗೋಡೆ ತಟ್ಟಿದ್ದು ಒಳ್ಳೆಯ ಸೂಚನೆ ಎಂದಳು ಅಜ್ಜಿ.

ಮುಂದಿನ ದಿನಗಳಲ್ಲಿ ತೆಂಕಲ ಸಾಲಿಗೆ ತಿರುಗಿ ಹೆಂಚು ಏರಿತು. ಹೊದಿಸುವಾಗ ಸಣ್ಣಮ್ಮನ ಏಣಿ ಹಿಡಿದವರು ಸ್ವತಃ ದೊಡ್ಡಮಲ್ಲಪ್ಪನವರು. ಹಿಡಿದುಕೊಂಡೇ ಅವರು ಆಗಾಗ ತಿರುಗಿ ತಮ್ಮ ಸಿಂಹಗಳನ್ನು ನೋಡುತ್ತಿದ್ದರೆಂಬುದು ಬೇರೆ ಮಾತು. ಪುರಸಭೆಯಲ್ಲಿ ಮಾತ್ರ ವಿಷಯ ನಿಲ್ಲಲಿಲ್ಲ. ಅಷ್ಟು ಜನ ಬಂದು ಕೇಳಿದ ಮೇಲೆ ಏನೋ ಇರಲೇಬೇಕೆಂದು ರಂಗರಾಜು ಮೇಲಕ್ಕೆ ಬರೆದ. ಮೇಲಿನವರು, ಇಷ್ಟು ಖಚಿತವಾಗಿ ಕೇಳುತ್ತಿದ್ದಾರೆಂದರೆ ಕೆಳಗೇ ಇರಬೇಕೆಂದು ಅವನಿಗೇ ಬರೆದರು. ಏಳು ರಿಂಗ್ ರೋಡುಗಳ ವಿಚಾರ ಪರಿಶೀಲನೆಯಲ್ಲಿದೆ ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಮೃತ್ಯುಂಜಯ ಕಚೇರಿಗೆ ಹೋಗಿ ಬಂದು ಮಾಡುತ್ತಿದ್ದ. ಬಾಗಿಲಿಗೆ ಬರೆಯಬೇಕಾದ ಕಾಲುಭಾಗ ಚಂದ್ರನನ್ನು ಪೂರ್ಣ ಚಂದ್ರ ಮಾಡಿ ಬೈಸಿಕೊಂಡ. ಸಂಜೆ ಅಜ್ಜಿ ಕತೆ ತೆಗೆದರೆ ರಾಜಕುಮಾರ ಊರಬಾಗಿಲಲ್ಲೇ ಕುದುರೆ ನಿಲ್ಲಿಸಿಕೊಂಡು ನಿಂತಿರುತ್ತಿದ್ದ. ಮೊಮ್ಮಗನಿಗೆ ಮುಂದಕ್ಕೆ ಹೋಗುವ ಮನಸ್ಸಿಲ್ಲ, ನಿದ್ದೆಯೂ ಇಲ್ಲ.

ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ಸುರುಳಿಯೊಂದನ್ನು ತಂದು ಜಗುಲಿಯ ಮೇಲಿಟ್ಟು, “ಬೇಗೂರಿನೋರು ಕೊಟ್ರು,” ಎಂದು ಹೇಳಿ ಹೋದ.

ನಕ್ಷೆ ವಾಪಸು ಬಂದಿತ್ತು. ಮೃತ್ಯುಂಜಯನ ಮುಖ ಸಣ್ಣದಾಯಿತು. ವಾಪಸು ಕಳಿಸಿದರೆಂದರೆ ಅರ್ಥವೇನು? ಬಿಚ್ಚಲೇ ಬೇಡವೆಂದು ಮೂಲೆಗಿಡಲು ಹೊರಟ. ಅಜ್ಜಿ ಬಿಡಲಿಲ್ಲ. “ನನ್ನ ಎಬ್ಬೆಟ್ಟದೆ ಅದ್ರಲ್ಲಿ. ಬಿಚ್ಚು ಕೂಸೆ, ನೋಡ್ಮ,” ಎಂದಳು.

ನಡುಮನೆಯ ನೆಲದ ಮೇಲೆ ಹಾಸಿದ. ಕೋಟೆ ಇತ್ತು, ಕೊಳ ಇತ್ತು, ಎರಡು ಸಾಲಿನ ಮನೆಗಳಿದ್ದವು. ಆದರೆ ಏಳು ಸುತ್ತನ್ನೂ ದಾಟಿ, ಅವನು ಖಾಲಿ ಬಿಟ್ಟಿದ್ದ ಪಡುವಣದ ಅಂಚಿನಲ್ಲಿ, ಪೆನ್ಸಿಲಿನಿಂದ ಹೊಸದೊಂದು ದಾರಿ ಎಳೆದಿತ್ತು. ದಾರಿಯ ಕೊನೆಯಲ್ಲಿ ಅಂಗಳ ಮೇಲಿನಿಂದ ಕಾಣುವ, ಬಾಗಿಲು ಎದುರಿನಿಂದ ಕಾಣುವ ಒಂದು ಮನೆ. ಅಂಗಳದಲ್ಲಿ ಚುಕ್ಕೆಯಷ್ಟೇ ದೊಡ್ಡ ನಾಲ್ಕು ಗಿಳಿಗಳು. ದಾರಿಯ ನಡುವೆ ಒಂದು ಬಸ್ಸು. ಬಸ್ಸಿನ ಮಾಡು ಕಾಣುತ್ತಿತ್ತು, ಮಾಡಿನ ಮೇಲೆ ಕಟ್ಟಿದ್ದ ಟ್ರಂಕು ಕಾಣುತ್ತಿತ್ತು. ಅದೇ ಹೊತ್ತಿಗೆ ಈಚೆಗೆ ಎರಡು ಚಕ್ರ, ಆಚೆಗೆ ಎರಡು ಚಕ್ರ, ನಾಲ್ಕೂ ಪೂರ್ತಿ ಗುಂಡಗೆ ಕಾಣುತ್ತಿದ್ದವು. ಕಿಟಕಿಯಲ್ಲಿ ಜಡೆ ಹಾಕಿದ ಒಂದು ತಲೆ. ಬಸ್ಸಿನ ಮೂತಿ ಎಣ್ಣೆಗಾಣದ ಬೀದಿಯ ಕಡೆಗಿತ್ತು.

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದಳು.

“ಅಯ್ಯೋ, ಬಸ್ಸು ಮಗುಚ್ಕಂಡುಬುಟ್ಟದಲ್ಲ ಕೂಸೆ, ಚಕ್ರ ಎಲ್ಲ ಆಚ್ಗೆ ಬಂದವೆ?”

ಮೃತ್ಯುಂಜಯ ಆಗಲೇ ತೆವಳಿಕೊಂಡು ಹಾಳೆಯ ಆಚೆ ಬದಿಗೆ ಹೋಗಿದ್ದ. ಅಲ್ಲಿಂದ ನೋಡಿದ. ಮತ್ತೆ ಈಚೆಗೆ ಬಂದು ನೋಡಿದ.

“ಇಲ್ಲ ಕಣಜ್ಜಿ,” ಎಂದ. “ಬತ್ತಾ ಅದೆ.”